70 ಕಾರ್ಡುಗಳ ಮೇಷ್ಟ್ರು

ಸಿನಿಮಾ ನೋಡುವಾಗ ಗಡಿಯಾರ ನೋಡುವ ಚಟವೊಂದು ನನಗೆ ಅಂಟಿಕೊಂಡಿದೆ. ಬೋರಾಗಿ ನೋಡುವುದಲ್ಲ. ಸಿನಿಮಾ ಚೆನ್ನಾಗಿದ್ದಷ್ಟೂ ಈ ಚಟ ಜಾಸ್ತಿ. ತೆರೆಯ ಮೇಲೆ ಏನೋ ತಿರುವು ಬರುತ್ತದೆ, ಕೈ ತಾನಾಗಿಯೇ ರಿಮೋಟ್ ಕಡೆ ಹೋಗುತ್ತದೆ, ಕೆಳಗೊಂದು ಗೆರೆ ಮೂಡಿ 12 ನಿಮಿಷ ಅನ್ನುತ್ತದೆ. ಇನ್ನೊಂದು ತಿರುವಿಗೆ 25. ಹೌದಲ್ಲ, ಇಲ್ಲೇ ಬರಬೇಕಿತ್ತು ಅಂತ ಒಳಗೊಳಗೇ ಖುಷಿ. ಪಕ್ಕದಲ್ಲಿ ಕೂತವರಿಗೆ ಸಿಟ್ಟು ಬರುವುದು ನ್ಯಾಯವೇ. "ಸುಮ್ನೆ ಸಿನಿಮಾ ನೋಡೋಕಾಗಲ್ವೇನೋ ನಿಂಗೆ?" ಅಂತ ಅಕ್ಕ ರಿಮೋಟ್ ಕಿತ್ತುಕೊಂಡು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡದ್ದೂ ಇದೆ.

ಈ ಚಟದ ಮೂಲ ಹುಡುಕುತ್ತಾ ಹೋದರೆ ಒಬ್ಬ ಮೇಷ್ಟ್ರ ಹತ್ತಿರ ಹೋಗಿ ನಿಲ್ಲುತ್ತೇನೆ. ಅವರನ್ನು ನಾನು ನೋಡಿಲ್ಲ, ನೋಡುವ ಹಾಗೂ ಇರಲಿಲ್ಲ. 1996ರಲ್ಲೇ ತೀರಿಕೊಂಡರು. ಹೆಸರು ಫ್ರಾಂಕ್ ಡೇನಿಯಲ್. ಚಿತ್ರಕಥೆ ಕಲಿಯಬೇಕು ಅಂತ ಹೊರಟವರು ಸಿಡ್ ಫೀಲ್ಡ್ ಹೆಸರು ಕೇಳಿರುತ್ತಾರೆ, ರಾಬರ್ಟ್ ಮೆಕ್ಕೀ ಹೆಸರು ಕೇಳಿರುತ್ತಾರೆ. ಇಬ್ಬರೂ ಚಿತ್ರಕಥೆ ಕಲಿಸಿ, ಅದರ ಬಗ್ಗೆ ಪುಸ್ತಕ ಬರೆದು ಹೆಸರಾದವರು. ಡೇನಿಯಲ್ ಹೆಸರು ಸಿಗುವುದು ಬೇರೆಯವರ ಪುಸ್ತಕಗಳ ಒಳಗೆ, 'ನಮ್ಮ ಮೇಷ್ಟ್ರು ಹೀಗೆ ಹೇಳುತ್ತಿದ್ದರು' ಅನ್ನುವ ಧಾಟಿಯ ಮಾತುಗಳಲ್ಲಿ. ಅಮೆರಿಕದ ದೊಡ್ಡ ದೊಡ್ಡ ಸಿನಿಮಾ ಶಾಲೆಗಳನ್ನು ನಡೆಸಿದ ಮನುಷ್ಯ, ಅಲ್ಲಿ ತಾವು ಮಾಡಿದ ಪಾಠವನ್ನು ತಾವೇ ಕೂತು ಇಂಗ್ಲಿಷಿನಲ್ಲಿ ಪುಸ್ತಕ ಮಾಡಲಿಲ್ಲ. ಬಾಯಲ್ಲಿ ಹೇಳಿದರು, ಕೇಳಿಸಿಕೊಂಡವರು ಹೊತ್ತುಕೊಂಡು ಹೋದರು.

ಹೊತ್ತುಕೊಂಡು ಹೋದವರು ಏನನ್ನು ಹೊತ್ತುಕೊಂಡು ಹೋದರು, ಏನನ್ನು ದಾರಿಯಲ್ಲಿ ಬೀಳಿಸಿದರು ಅನ್ನುವುದೇ ನನ್ನ ತಲೆ ಕೊರೆಯುತ್ತಿರುವ ಪ್ರಶ್ನೆ.

30ನೇ ಪುಟದ ಜಗಳ

ನಾವು ನಾಲ್ಕೈದು ಜನ ಆಗಾಗ ಸೇರಿ ಚಿತ್ರಕಥೆ ಓದುತ್ತೇವೆ. ಯಾರದ್ದೂ ಸಿನಿಮಾ ಆಗಿಲ್ಲ. ಒಬ್ಬನದ್ದು ಕಿರುಚಿತ್ರ ಆಗಿದೆ, ಹಾಗಾಗಿ ಅವನ ಮಾತಿಗೆ ತೂಕ ಸ್ವಲ್ಪ ಜಾಸ್ತಿ. ಒಂದು ಸಲ ಗೆಳೆಯನೊಬ್ಬ ಹೊಸ ಕಥೆ ತಂದಿದ್ದ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬಳು. ಮದುವೆ ಗೊತ್ತಾಗಿದೆ. ಅಮ್ಮ ಬಿಟ್ಟುಹೋದ ನಾಲ್ಕು ಚಿನ್ನದ ಬಳೆ ಬೀರುವಿನಲ್ಲಿ ಇವೆ. ಇವೆ ಅಂತ ಅವಳು ಅಂದುಕೊಂಡಿದ್ದಾಳೆ. ತಮ್ಮ ಅವನ್ನು ಅಡವಿಟ್ಟು ಯಾವುದೋ ವ್ಯಾಪಾರಕ್ಕೆ ಹಾಕಿ ಕಳೆದುಕೊಂಡಿದ್ದಾನೆ. ಮದುವೆಯ ಹಿಂದಿನ ವಾರ ಅವಳು ಬೀರು ತೆಗೆಯುತ್ತಾಳೆ, ಡಬ್ಬಿ ಖಾಲಿ. ನಮಗೂ ಆಗಲೇ ಗೊತ್ತಾಗುವುದು. 60ನೇ ಪುಟದ ಹತ್ತಿರ.

ಓದಿ ಮುಗಿಸಿದ್ದೇ ತಡ, ಕಿರುಚಿತ್ರದವನು ಶುರು ಮಾಡಿದ. "30ನೇ ಪುಟ ದಾಟ್ತು ಗುರು, ಪ್ಲಾಟ್ ಪಾಯಿಂಟೇ ಬಂದಿಲ್ಲ." (ಪ್ಲಾಟ್ ಪಾಯಿಂಟ್ ಅಂದರೆ ಕಥೆಯನ್ನು ಬೇರೆ ದಿಕ್ಕಿಗೆ ತಿರುಗಿಸುವ ಘಟನೆ.) ಬರೆದವನು ಬಿಡುತ್ತಾನಾ? "28ರಲ್ಲಿ ಇದೆಯಲ್ಲ, ಹುಡುಗನ ಮನೆಯವರು ಬರ್ತಾರಲ್ಲ, ಅದೇ." "ಅದು ಇನ್‌ಸೈಟಿಂಗ್ ಇನ್ಸಿಡೆಂಟು, ಪ್ಲಾಟ್ ಪಾಯಿಂಟ್ ಅಲ್ಲ." (ಇನ್‌ಸೈಟಿಂಗ್ ಇನ್ಸಿಡೆಂಟ್ ಅಂದರೆ ಕಥೆಗೆ ಮೊದಲ ಕಿಡಿ ಹಚ್ಚುವ ಘಟನೆ.) ಹೀಗೆ ಸುಮಾರು ಹೊತ್ತು. ಇಬ್ಬರೂ ಮೊಬೈಲ್ ತೆಗೆದು ಯಾವ್ಯಾವುದೋ ಚಾರ್ಟು ತೋರಿಸಿಕೊಂಡರು. ಕಾಫಿ ಆರಿಹೋಯಿತು. ಆ ಬಳೆಗಳು ವಾಪಸ್ ಸಿಗಲಿ ಅಂತ ನಮ್ಮಲ್ಲಿ ಯಾರಿಗಾದರೂ ಅನ್ನಿಸಿತಾ ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

30ನೇ ಪುಟ ಅನ್ನುವುದು ಸಿಡ್ ಫೀಲ್ಡ್ ಕೊಡುಗೆ ಅಂತ ಬೇರೆ ಹೇಳಬೇಕಾಗಿಲ್ಲ. ಅವರ ಬಗ್ಗೆ ಹಗುರವಾಗಿ ಮಾತಾಡುವುದು ಈಗ ಫ್ಯಾಷನ್ ಆಗಿದೆ, ನನಗೆ ಅದು ಇಷ್ಟವಿಲ್ಲ. ಫೀಲ್ಡ್ ಹಾಲಿವುಡ್ಡಿನ ಒಂದು ಕಂಪನಿಯಲ್ಲಿ ಚಿತ್ರಕಥೆ ಓದುವ ಕೆಲಸದಲ್ಲಿದ್ದವರು. ಎರಡು ವರ್ಷದಲ್ಲಿ 2,000ಕ್ಕೂ ಹೆಚ್ಚು ಚಿತ್ರಕಥೆ ಓದಿ, ಅದರಲ್ಲಿ ಸುಮಾರು 40ನ್ನು ಮಾತ್ರ ಹಣ ಹಾಕುವವರ ಟೇಬಲ್ಲಿಗೆ ಕಳಿಸಿದರು. ಉಳಿದವುಗಳಲ್ಲಿ ಇಲ್ಲದ್ದು ಈ 40ರಲ್ಲಿ ಏನಿದೆ ಅಂತ ಕೇಳಿಕೊಂಡರು. ಅದಕ್ಕೆ ಸಿಕ್ಕ ಉತ್ತರವನ್ನು ತರಗತಿಯಲ್ಲಿ ಹೇಳಿಕೊಟ್ಟರು, 1979ರಲ್ಲಿ ಪುಸ್ತಕ ಮಾಡಿದರು. 120 ಪುಟ, ಪುಟಕ್ಕೊಂದು ನಿಮಿಷ, ಮೊದಲ ಅಂಕ 30, ನಡುವಿನದು 60, ಕೊನೆಯದು 30. ದಿನಾ ರಾಶಿ ಎದುರು ಕೂತು ಆರಿಸುವವನಿಗೆ ಇದು ಒಳ್ಳೆಯ ಅಳತೆಗೋಲು. 2,000 ಚಿತ್ರಕಥೆ ಓದಿದವನ ಕಣ್ಣಿಗೆ ಬೆಲೆ ಇದೆ. ಆದರೆ ಅದು ಆರಿಸುವವನ ಅಳತೆ, ಬರೆಯುವವನದ್ದಲ್ಲ. ಬರೆಯುವವನು ಅದನ್ನೇ ಕೈಗೆ ತಗೊಂಡರೆ ನಮ್ಮ ಗೆಳೆಯರ ಜಗಳ ಶುರುವಾಗುತ್ತದೆ. ಪುಟದ ಸಂಖ್ಯೆಯನ್ನು ಬೆರಳಿಟ್ಟು ತೋರಿಸಬಹುದು. ನೋಡುವವನ ಎದೆಯಲ್ಲಿ ಏನಾಯಿತು ಅನ್ನುವುದನ್ನು ತೋರಿಸುವುದು ಕಷ್ಟ. ಸುಲಭವಾದದ್ದರ ಬಗ್ಗೆಯೇ ಜಗಳ ಆಡುತ್ತೇವೆ.

ಪ್ರಾಗ್‌ನಿಂದ ಬಂದವರು

ಡೇನಿಯಲ್ ಹುಟ್ಟಿದ್ದು 1926ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಕೋಲೀನ್ ಅನ್ನುವ ಊರಿನಲ್ಲಿ. ಮೂಲ ಹೆಸರು ಫ್ರಾಂಟಿಶೆಕ್. ಅವರಿಗೆ ಇಪ್ಪತ್ತಾದಾಗ, 1946ರಲ್ಲಿ, ಪ್ರಾಗ್‌ನಲ್ಲಿ ಫಾಮು ಸಿನಿಮಾ ಶಾಲೆ ಶುರುವಾಯಿತು. ಮುಂದೆ ಅದೇ ಶಾಲೆಯಲ್ಲಿ ಪಾಠ ಮಾಡಿದರು, ಅದರ ಡೀನ್ ಕೂಡ ಆದರು. ಚಿತ್ರಕಥೆ ಬರೆದರು, ನಿರ್ದೇಶನವನ್ನೂ ಮಾಡಿದರು. 1960ರ ದಶಕದಲ್ಲಿ ಜಗತ್ತೇ ತಿರುಗಿ ನೋಡಿದ ಚೆಕ್ ಹೊಸ ಅಲೆ ಬಂತಲ್ಲ, ಅದರ ಬಹಳಷ್ಟು ನಿರ್ದೇಶಕರು ಹೊರಬಂದದ್ದು ಈ ಶಾಲೆಯಿಂದ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಮರುವರ್ಷ ಡೇನಿಯಲ್ ಅಮೆರಿಕದಲ್ಲಿದ್ದರು.

ಅಲ್ಲಿಂದ ಮುಂದಿನ ಅವರ ಬದುಕು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಎಲ್ಲಿ ಹೊಸ ಶಾಲೆ ಹುಟ್ಟುತ್ತಿದೆಯೋ ಅಥವಾ ಹಳೆಯದಕ್ಕೆ ಹೊಸ ಜೀವ ಬೇಕಾಗಿದೆಯೋ ಅಲ್ಲಿ ಇವರಿರುತ್ತಾರೆ. 1969ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬೆವರ್ಲಿ ಹಿಲ್ಸ್‌ನ ಗ್ರೇಸ್ಟೋನ್ ಅನ್ನುವ ಬಂಗಲೆಯಲ್ಲಿ ಶಾಲೆ ತೆರೆಯಿತು. ತೈಲದ ದುಡ್ಡಿನಲ್ಲಿ ಕಟ್ಟಿಸಿದ ಅರಮನೆಯಂಥ ಮನೆ, ಐವತ್ತಕ್ಕೂ ಹೆಚ್ಚು ಕೋಣೆ. ಡೇನಿಯಲ್ ಅದರ ಮೊದಲ ಡೀನ್. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಮುಂದೆ ಹೆಸರಾಂತ ನಿರ್ದೇಶಕರಾದ ಟೆರೆನ್ಸ್ ಮಾಲಿಕ್, ಪಾಲ್ ಶ್ರೇಡರ್ ಇದ್ದರು. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿ ಸಿನಿಮಾ ವಿಭಾಗವನ್ನು ಚೆಕ್ ಹೊಸ ಅಲೆಯ ನಿರ್ದೇಶಕ ಮಿಲೋಶ್ ಫೋರ್ಮನ್ ಜೊತೆ ಸೇರಿ ನಡೆಸಿದರು. ಪ್ರಾಗ್ ಬಿಟ್ಟು ಬಂದ ಇಬ್ಬರು ನ್ಯೂಯಾರ್ಕಿನಲ್ಲಿ ಒಂದೇ ವಿಭಾಗಕ್ಕೆ ಜಂಟಿ ಮುಖ್ಯಸ್ಥರು! 1981ರಲ್ಲಿ ನಟ ರಾಬರ್ಟ್ ರೆಡ್‌ಫೋರ್ಡ್ ಹೊಸ ಸಿನಿಮಾದವರನ್ನು ಬೆಳೆಸಲು ಸನ್‌ಡಾನ್ಸ್ ಸಂಸ್ಥೆ ಕಟ್ಟಿದಾಗ ಅಲ್ಲಿ ಕಲಾ ನಿರ್ದೇಶಕರ ಜವಾಬ್ದಾರಿ ಇವರದ್ದೇ. (ಕಲಾ ನಿರ್ದೇಶಕ ಅಂದರೆ ಸೆಟ್ ಹಾಕುವವರಲ್ಲ, ಸಂಸ್ಥೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅಂತ ನೋಡಿಕೊಳ್ಳುವವರು.) 1980ರ ದಶಕದ ಕೊನೆಯ ಹೊತ್ತಿಗೆ ಲಾಸ್ ಏಂಜಲೀಸ್‌ನ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಸಿನಿಮಾ ಶಾಲೆಯ ಡೀನ್.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅದೆಲ್ಲ ಸರಿ, ಇವರ ಸಿನಿಮಾ ಯಾವುದು?" ಮೆಕ್ಕೀಗೂ ಜನ ಇದನ್ನೇ ಕೇಳಿದ್ದಾರೆ. ಚಿತ್ರಕಥೆ ಕಲಿಸುವ ಯಾರನ್ನಾದರೂ ಕೇಳುತ್ತಾರೆ. ನೀನೇ ಬರೆದು ಗೆದ್ದಿಲ್ಲ, ನಮಗೇನು ಹೇಳ್ತೀಯಾ ಅನ್ನುವ ವ್ಯಂಗ್ಯ ಅದರ ಒಳಗಿದೆ. ಕೆಲವು ಮೇಷ್ಟ್ರುಗಳಿಗೆ ಅದು ಸರಿಯಾಗಿಯೇ ತಾಗುತ್ತದೆ. ಡೇನಿಯಲ್‌ಗೆ ತಾಗುವುದಿಲ್ಲ ಅಂತ ನನಗನ್ನಿಸಲು ಒಂದು ಕಾರಣವಿದೆ. ಅವರು ಬಂದ ಕಡೆ, ಮಧ್ಯ ಯುರೋಪಿನ ರಂಗಭೂಮಿಯಲ್ಲಿ ಮತ್ತು ಸ್ಟುಡಿಯೋಗಳಲ್ಲಿ, ಡ್ರಾಮಾಟುರ್ಗ್ ಅನ್ನುವ ಹುದ್ದೆಯೇ ಇದೆ. ಅವನು ಬರೆಯುವವನಲ್ಲ, ದುಡ್ಡು ಹಾಕುವವನಲ್ಲ, ನಿರ್ದೇಶಕನೂ ಅಲ್ಲ. ಬರೆಯುವವನ ಪಕ್ಕ ಕೂತು ಓದುವುದು, ಕೇಳುವುದು, ಮತ್ತೆ ಓದುವುದು ಅವನ ಕೆಲಸ. ಇವನು ಇಲ್ಲಿಗೆ ಯಾಕೆ ಬಂದ, ಇವಳಿಗೆ ಇದು ಮೊದಲೇ ಗೊತ್ತಿದ್ದರೆ ಏನಾಗುತ್ತಿತ್ತು ಅಂತೆಲ್ಲ. ಹಾಲಿವುಡ್ಡಿನಲ್ಲಿ ಆ ಕುರ್ಚಿ ಇರಲಿಲ್ಲ. ಇದನ್ನು ಬದಲಾಯಿಸು ಅಂತ ನೋಟ್ಸ್ ಕೊಡುವ ಅಧಿಕಾರಿಗಳಿದ್ದರು, ಆದರೆ ಅವರ ಕೈಯಲ್ಲಿ ಚೆಕ್ ಬುಕ್ ಇರುತ್ತಿತ್ತು, ಹಾಗಾಗಿ ಅವರ ಪ್ರಶ್ನೆ ಪ್ರಶ್ನೆಯಾಗಿ ಉಳಿಯುತ್ತಿರಲಿಲ್ಲ. ಡೇನಿಯಲ್ ಆ ಕುರ್ಚಿಯನ್ನು ತರಗತಿಯೊಳಗೆ ತಂದು ಹಾಕಿಕೊಂಡು ಕೂತರು. ನನ್ನ ಲೆಕ್ಕದಲ್ಲಿ ಅವರು ಅಮೆರಿಕಕ್ಕೆ ಕೊಟ್ಟದ್ದು ಇದು, ಎಂಟು ಭಾಗದ ಸೂತ್ರ ಆಮೇಲಿನದು.

ರೀಲಿನ ಲೆಕ್ಕ

ಆ ಎಂಟು ಭಾಗದ ಸೂತ್ರವನ್ನೂ ಸ್ವಲ್ಪ ನೋಡಬೇಕು, ಯಾಕೆಂದರೆ ನನ್ನ ರಿಮೋಟ್ ಚಟ ಬಂದದ್ದು ಅಲ್ಲಿಂದ. ಎರಡು ಗಂಟೆಯ ಸಿನಿಮಾವನ್ನು ಮೂರು ಅಂಕ ಅಂತ ನೋಡುವ ಬದಲು, 10ರಿಂದ 15 ನಿಮಿಷದ ಎಂಟು ತುಂಡುಗಳಾಗಿ ನೋಡು ಅನ್ನುತ್ತಿದ್ದರು ಡೇನಿಯಲ್. ಮೂರು ಅಂಕ ಬೇಡ ಅಂತಲ್ಲ, ಅವುಗಳ ಒಳಗೇ ಈ ಎಂಟು. ಪ್ರತಿ ತುಂಡಿಗೂ ತನ್ನದೇ ಒಂದು ಸಣ್ಣ ಬೇಡಿಕೆ, ಸಣ್ಣ ಗಂಟು. ಒಂದು ಗಂಟು ಬಿಚ್ಚಿದಾಗ ಅದೇ ಎಳೆಯಿಂದ ಮುಂದಿನದು ಬೀಳಬೇಕು.

ಇದು ಅವರು ಗಾಳಿಯಿಂದ ಹಿಡಿದದ್ದಲ್ಲ. ಹಳೇ ರೀಲಿನ ಲೆಕ್ಕ ಇದರ ಹಿಂದಿದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. 1,000 ಅಡಿಯ ರೀಲಿನಲ್ಲಿ 16,000 ಫ್ರೇಮು. ಮಾತಿನ ಸಿನಿಮಾ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಓಡುತ್ತದೆ, ಹಾಗಾಗಿ ರೀಲೊಂದಕ್ಕೆ 11 ನಿಮಿಷ ಚಿಲ್ಲರೆ. ಮೂಕಿ ಕಾಲದಲ್ಲಿ ವೇಗ ಕಡಿಮೆ. ಸೆಕೆಂಡಿಗೆ 16 ಅಂತ ಹಿಡಿದರೆ ಅದೇ ರೀಲು 16 ನಿಮಿಷ ದಾಟುತ್ತದೆ. ಆಗ ಬಹಳ ಕಡೆ ಪ್ರೊಜೆಕ್ಟರ್ ಇದ್ದದ್ದು ಒಂದೇ. ರೀಲು ಮುಗಿದರೆ ಬದಲಾಯಿಸುವತನಕ ಜನ ಕತ್ತಲಲ್ಲಿ ಕಾಯಬೇಕು. ಕಾಯುವ ಜನ ಎದ್ದು ಹೋಗದ ಹಾಗೆ ಪ್ರತಿ ರೀಲಿನ ಕೊನೆಗೂ ಏನಾದರೊಂದು ಇಟ್ಟು ಬರೆಯುವುದು ಅನಿವಾರ್ಯವಾಯಿತು. ಆಮೇಲೆ ಎರಡು ಪ್ರೊಜೆಕ್ಟರ್ ಬಂದವು, ಕಾಯುವುದು ತಪ್ಪಿತು, ಬರೆಯುವವರ ಕೈಯಲ್ಲಿ ಅಭ್ಯಾಸ ಮಾತ್ರ ಉಳಿಯಿತು. ಅದೂ ಮರೆತುಹೋಗುವ ಹೊತ್ತಿಗೆ ಡೇನಿಯಲ್ ವಾಪಸ್ ತಂದರು.

ಯಾಕೆ ತಂದರು ಅನ್ನುವುದು ಬರೆಯಲು ಕೂತವರಿಗೆ ತಕ್ಷಣ ಅರ್ಥವಾಗುತ್ತದೆ. ಮೂರು ಅಂಕದ ನಕ್ಷೆಯಲ್ಲಿ ನಡುವಿನ 60 ಪುಟ ಬಟ್ಟಬಯಲು. ಶುರು ಗೊತ್ತು, ಕೊನೆ ಗೊತ್ತು, ನಡುವೆ ಏನು ಬರೆಯುವುದು? ನಮ್ಮ ಥಿಯೇಟರಿನ ಹೊರಗೆ ಯೂಟ್ಯೂಬ್ ಮೈಕಿಗೆ ಜನ ಹೇಳುತ್ತಾರಲ್ಲ, "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್" ಅಂತ, ಆ ಲ್ಯಾಗ್ ಹುಟ್ಟುವುದು ಈ ಬಯಲಿನಲ್ಲೇ. ಬೆಟ್ಟ ಹತ್ತುವವನಿಗೆ ತುದಿಯ ಗೋಪುರ ತೋರಿಸಿದರೆ ಕಾಲು ಸೋಲುತ್ತದೆ, ಮುಂದಿನ ಮಂಟಪ ತೋರಿಸಿದರೆ ಹತ್ತುತ್ತಾನೆ. ಡೇನಿಯಲ್ ಮಂಟಪ ತೋರಿಸಿದರು, ಅಷ್ಟೇ. ಎಂಟೇ ಯಾಕೆ ಅಂದರೆ ಎರಡು ಗಂಟೆಗೆ ಅಷ್ಟು ಹಿಡಿಯುತ್ತದೆ ಅಂತ. ಎರಡೂವರೆ ಗಂಟೆಯ ನಮ್ಮ ಸಿನಿಮಾಕ್ಕೆ ಹತ್ತಾಗಬಹುದು, ಇಂಟರ್ವಲ್‌ಗೆ ಮುಂಚಿನದು ಬೇರೆಲ್ಲದಕ್ಕಿಂತ ಜೋರಾಗಿರಬೇಕಾಗಬಹುದು.

ಯಾರಿಗೆ ಏನು ಗೊತ್ತು

ಬಳೆಯ ಕಥೆಗೆ ಬರುತ್ತೇನೆ. ಡೇನಿಯಲ್ ಅವರಿಂದ ಬಂದದ್ದು ಅಂತ ಅವರ ಶಿಷ್ಯರೆಲ್ಲ ಹೇಳುವ ಒಂದು ಸರಳ ಮಾತಿದೆ. ಯಾರಿಗೋ ಏನೋ ಒಂದು ತುಂಬಾ ಬೇಕಾಗಿದೆ, ಅದು ಸಿಗುವುದು ಕಷ್ಟವಾಗಿದೆ. ಕಥೆ ಅಂದರೆ ಇಷ್ಟು. ಇದರ ಬೆನ್ನಿಗೇ ಅವರು ನೋಡುವವನ ಕಡೆ ತಿರುಗುತ್ತಾರೆ. ಈ ಕ್ಷಣದಲ್ಲಿ ನೋಡುವವನಿಗೆ ಏನು ಆಸೆ, ಏನು ಭಯ? ಎರಡೂ ಇಲ್ಲದಿದ್ದರೆ ತೆರೆಯ ಮೇಲೆ ಬಾಂಬು ಸಿಡಿದರೂ ಅವನು ಪಾಪ್‌ಕಾರ್ನ್ ತಿನ್ನುತ್ತಿರುತ್ತಾನೆ. ಆಸೆ ಭಯ ಹುಟ್ಟಬೇಕಾದರೆ ಅವನಿಗೆ ವಿಷಯ ಗೊತ್ತಿರಬೇಕು. ಹಾಗಾಗಿ ಮೂರನೇ ಪ್ರಶ್ನೆ: ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು?

ಗೆಳೆಯನ ಚಿತ್ರಕಥೆಯಲ್ಲಿ ಬಳೆ ಇಲ್ಲದ್ದು ಅಕ್ಕನಿಗೂ (ಆ ನರ್ಸ್‌ಗೂ) ನಮಗೂ ಒಟ್ಟಿಗೆ ಗೊತ್ತಾಗುತ್ತದೆ. ಒಂದು ಸಲ ಎದೆ ಧಸಕ್ಕೆನ್ನುತ್ತದೆ, ಮುಗಿಯಿತು. ಈಗ ಸುಮ್ನೆ ಒಂದು ಬದಲಾವಣೆ ಮಾಡಿ ನೋಡಿ. ತಮ್ಮ ಬಳೆ ಅಡವಿಡುವುದನ್ನು 10ನೇ ಪುಟದಲ್ಲೇ ನಮಗೆ ತೋರಿಸಿ. ಅಕ್ಕನಿಗೆ ಹೇಳಬೇಡಿ. ಆಮೇಲೆ ಬರುವ ಪ್ರತಿ ದೃಶ್ಯವೂ, ಒಂದಕ್ಷರ ಬದಲಾಯಿಸದೆ, ಬೇರೆಯೇ ಆಗುತ್ತದೆ. ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದು ಸೀರೆ ತೆಗೆಯಲು ಬೀರುವಿಗೆ ಕೀ ಹಾಕುತ್ತಾಳೆ. ಚಿತ್ರಕಥೆಯಲ್ಲಿ ಅದು ಎರಡು ಸಾಲಿನ ಸುಮ್ಮನೆ ದೃಶ್ಯ. ಈಗ ಅವಳ ಕೈ ಸೀರೆಯ ಮಡಿಕೆಗಳ ನಡುವೆ ಹೋದರೆ ನಮ್ಮ ಉಸಿರು ನಿಲ್ಲುತ್ತದೆ. ಹುಡುಗನ ತಾಯಿ ಬಂದು "ಅಮ್ಮನ ಒಡವೆ ಏನಾದ್ರೂ ಇದ್ಯೇನಮ್ಮಾ?" ಅಂತ ಕೇಳುತ್ತಾರೆ. ಮೊದಲು ಅದು ಔಪಚಾರಿಕ ಮಾತಾಗಿತ್ತು. ಈಗ ತಮ್ಮ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತುಬಿಡುತ್ತಾನೆ. ಅವನು ಬಿಡಿಸಿಕೊಂಡು ಬರಲಿ ಅಂತ ಆಸೆ, ಅಷ್ಟರೊಳಗೆ ಅವಳು ಡಬ್ಬಿ ತೆಗೆದರೆ ಅಂತ ಭಯ. ಆ ತಣ್ಣಗಿದ್ದ ಪುಟಗಳಿಗೆ ಕಾವು ಬಂತು. ಪ್ಲಾಟ್ ಪಾಯಿಂಟ್ 28ರಲ್ಲಿದೆಯೋ 30ರಲ್ಲಿದೆಯೋ ಆಮೇಲೆ ಯಾರು ಕೇಳುತ್ತಾರೆ?

ಕಳೆದುಕೊಂಡದ್ದೂ ಇದೆ. ಖಾಲಿ ಡಬ್ಬಿಯ ಆ ಒಂದು ಹೊಡೆತ ಹೋಯಿತು. ಗೆಳೆಯನಿಗೆ ಆ ಹೊಡೆತವೇ ಮುಖ್ಯ, ಅವನು ಬದಲಾಯಿಸಲಿಲ್ಲ. ಅದು ಅವನ ಇಷ್ಟ. ಎರಡರಲ್ಲಿ ಒಂದನ್ನು ತಿಳಿದು ಆರಿಸಿಕೊಂಡ, ಅಷ್ಟು ಸಾಕು ನನಗೆ.

ಇದರಲ್ಲಿ ನಮಗೆ ಹೊಸದೇನೂ ಇಲ್ಲ ಅಂತ ಹೇಳಲೇಬೇಕು. ತಾಳಮದ್ದಳೆಗೆ ಹೋಗಿ ಕೂರುವವರಲ್ಲಿ ಕರ್ಣ ಯಾರ ಮಗ ಅಂತ ಗೊತ್ತಿಲ್ಲದವರು ಒಬ್ಬರೂ ಇರುವುದಿಲ್ಲ. ಕೃಷ್ಣನಿಗೆ ಗೊತ್ತು, ಕುಂತಿಗೆ ಗೊತ್ತು, ಕರ್ಣನಿಗೂ ಗೊತ್ತಾಗುತ್ತದೆ. ಅರ್ಜುನನಿಗೆ ಗೊತ್ತಿಲ್ಲ. ಯುದ್ಧದಲ್ಲಿ ಅವನು ಬಿಲ್ಲು ಎತ್ತುವಾಗ ನಮಗೆ ಹೊಟ್ಟೆ ಹಿಂಡುವುದು ಆ ಒಬ್ಬನಿಗೆ ಗೊತ್ತಿಲ್ಲ ಅನ್ನುವ ಕಾರಣಕ್ಕೆ. ಕಥೆ ಮೊದಲೇ ಗೊತ್ತಾದರೆ ಮಜಾ ಹೋಯಿತು, ಸ್ಪಾಯ್ಲರ್ ಕೊಡಬೇಡಿ ಅಂತ ಕಿರುಚುವ ಕಾಲದಲ್ಲಿ, ಬೆಳಗಿನ ಜಾವದವರೆಗೂ ಗೊತ್ತಿರುವ ಕಥೆಗೇ ಕೂರುವ ಜನ ಪಕ್ಕದಲ್ಲೇ ಇದ್ದಾರೆ.

ಕಾರ್ಡು ಮುಗಿಯುವ ಜಾಗ

ಇದೇ ಮೇಷ್ಟ್ರ ಶಿಷ್ಯರಾಗಿದ್ದ, ಮುಂದೆ ಹೆಸರಾಂತ ನಿರ್ದೇಶಕರಾದ ಡೇವಿಡ್ ಲಿಂಚ್ ಅವರಿಂದ ಕಲಿತದ್ದನ್ನು ಹೇಳುವಾಗ ಎಂಟು ಭಾಗದ ಮಾತೇ ಎತ್ತುತ್ತಿರಲಿಲ್ಲ. ಹೇಳುತ್ತಿದ್ದದ್ದು ಕಾರ್ಡುಗಳ ವಿಷಯ. 3 ಇಂಚು ಅಗಲ 5 ಇಂಚು ಉದ್ದದ ಕಾರ್ಡುಗಳನ್ನು ತಗೋ. ಒಂದೊಂದರ ಮೇಲೆ ಒಂದೊಂದು ದೃಶ್ಯ ಬರಿ. 70 ಕಾರ್ಡು ಆದರೆ ನಿನ್ನ ಸಿನಿಮಾ ಸಿಕ್ಕಿತು. ಇಷ್ಟೇ ಪಾಠ. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ಅಷ್ಟು ವರ್ಷವೂ ಈ ಮಾತನ್ನು ಹೇಳಿಕೊಂಡೇ ಬಂದರು, ಮೇಷ್ಟ್ರ ಹೆಸರು ಬಿಡದೆ.

ಕೇಳಿದರೆ ತೀರಾ ಬಾಲಿಶ ಅನ್ನಿಸುತ್ತದೆ. ಮಾಡಿ ನೋಡಿದರೆ ಹಾಗನ್ನಿಸುವುದಿಲ್ಲ. ನನ್ನದೊಂದು ಕಥೆಗೆ ಕಾರ್ಡು ಬರೆಯಲು ಕೂತೆ. ಮೊದಲ ಇಪ್ಪತ್ತು ಸರಸರ ಬಂದವು. ಕೊನೆಯ ಹತ್ತೂ ಬಂದವು, ಕ್ಲೈಮ್ಯಾಕ್ಸ್ ಎಲ್ಲರ ತಲೆಯಲ್ಲೂ ಮೊದಲೇ ಇರುತ್ತದಲ್ಲ. ನಡುವೆ ಬರುತ್ತಾ ಬರುತ್ತಾ ಕೈ ನಿಧಾನವಾಯಿತು. ಒಂದು ಕಾರ್ಡಿನ ಮೇಲೆ 'ಅಪ್ಪ ಮಗ ಜಗಳ' ಅಂತ ಇತ್ತು. ಎರಡು ಕಾರ್ಡು ಬಿಟ್ಟು 'ಮತ್ತೆ ಜಗಳ'. ಇನ್ನೊಂದರ ಮೇಲೆ ಬರೀ 'ಮಳೆ'. ನೆಲದ ಮೇಲೆ ಸಾಲಾಗಿ ಹರಡಿ ನಿಂತು ನೋಡಿದರೆ ರೋಗ ಯಾವ ಜಾಗದಲ್ಲಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಮಗನಿಗೆ ಏನು ಬೇಕು ಅಂತ ನನಗೆ ಗೊತ್ತಿರುವಷ್ಟು ದೂರ ಕಾರ್ಡು ತುಂಬಿದ್ದವು. ಅಲ್ಲಿಂದಾಚೆಗೆ ಮಳೆ. ಲ್ಯಾಪ್‌ಟಾಪಿನಲ್ಲಿ ಇದೇ ಕಥೆ ಉದ್ದಕ್ಕೆ ಹರಿದಿತ್ತು, ಅಲ್ಲಿ ಕಂಡಿರಲಿಲ್ಲ. ಒಳ್ಳೆಯ ವಾಕ್ಯಗಳು ಎಂಥ ಖಾಲಿ ಜಾಗವನ್ನೂ ಮುಚ್ಚಿಬಿಡುತ್ತವೆ. ಕಾರ್ಡಿನಲ್ಲಿ ವಾಕ್ಯಕ್ಕೆ ಜಾಗವಿಲ್ಲ.

70 ಅನ್ನುವ ಸಂಖ್ಯೆಯೂ ನಿಯಮವಲ್ಲವಾ, 30ನೇ ಪುಟಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. 30ನೇ ಪುಟದಲ್ಲಿ ಏನಾಗಬೇಕು ಅಂತ ಆ ನಿಯಮ ಹೇಳುತ್ತದೆ. 70 ಕಾರ್ಡು ಏನನ್ನೂ ಹೇಳುವುದಿಲ್ಲ. ಕಾರ್ಡಿನಲ್ಲಿ ಏನಿರಬೇಕು ಅನ್ನುವುದು ಪೂರ್ತಿ ನಿನ್ನದು. ಲಿಂಚ್ ಅಂಥವರಿಗೂ ಅದು ಕೆಲಸಕ್ಕೆ ಬಂದದ್ದು ಹಾಗಾಗಿ ಇರಬೇಕು.

ಶಿಷ್ಯರ ಪುಸ್ತಕಗಳು

ಬಾಯಿಪಾಠ ಕೊನೆಗೆ ಅಚ್ಚಾಗಲೇಬೇಕಾಯಿತು. ಶಿಷ್ಯ ಡೇವಿಡ್ ಹೋವರ್ಡ್ 1993ರಲ್ಲಿ, ಎಡ್ವರ್ಡ್ ಮೇಬ್ಲಿ ಅವರ ಹಳೆಯ ಬರಹವನ್ನೂ ಸೇರಿಸಿಕೊಂಡು ಪುಸ್ತಕ ತಂದರು. ಆಸೆ ಭಯ, ಯಾರಿಗೆ ಏನು ಗೊತ್ತು ಅನ್ನುವುದೆಲ್ಲ ನನಗೆ ಮೊದಲು ಸಿಕ್ಕಿದ್ದು ಅಲ್ಲಿ. 2004ರಲ್ಲಿ ಇನ್ನೊಬ್ಬ ಶಿಷ್ಯ ಪಾಲ್ ಗುಲಿನೊ ಎಂಟು ಭಾಗದ ಬಗ್ಗೆಯೇ ಪುಸ್ತಕ ಬರೆದರು, ಸಿನಿಮಾಗಳನ್ನು ತುಂಡು ತುಂಡಾಗಿ ಬಿಡಿಸಿ ತೋರಿಸಿದರು. ಇಬ್ಬರೂ ಮೇಷ್ಟ್ರ ಋಣ ಮುಚ್ಚಿಟ್ಟಿಲ್ಲ. ಒಳ್ಳೆಯ ಪುಸ್ತಕಗಳು, ನನ್ನವು ಗೀಟು ಹಾಕಿ ಹಾಕಿ ಹಾಳಾಗಿವೆ.

ಆದರೆ ಪುಸ್ತಕದಿಂದ ಮುಂದೆ ಹೋದಾಗ ಕಥೆ ಬೇರೆ. ಒಂದು ಆನ್‌ಲೈನ್ ಕಮ್ಮಟಕ್ಕೆ ಸೇರಿದ್ದೆ. ಎಂಟು ಚೌಕ ಇರುವ ಒಂದು ಹಾಳೆ ಕಳಿಸಿದ್ದರು. ಚೌಕ ಒಂದರಲ್ಲಿ ನಾಯಕನ ದಿನಚರಿ, ಎರಡರಲ್ಲಿ ತೊಂದರೆ ಶುರು, ಐದರಲ್ಲಿ ಇಂಥದ್ದು, ಏಳರಲ್ಲಿ ಅಂಥದ್ದು. ಎಲ್ಲರೂ ತುಂಬಿದೆವು. ಕೊನೆಯ ದಿನ ಒಬ್ಬೊಬ್ಬರೇ ಓದಿದಾಗ ಅಷ್ಟೂ ಕಥೆಗಳ ಮೂಗು ಒಂದೇ ಥರ ಇತ್ತು. ಪೊಲೀಸ್ ಕಥೆ, ಪ್ರೇಮಕಥೆ, ದೆವ್ವದ ಕಥೆ, ಎಲ್ಲರ ನಾಯಕನೂ ಆರನೇ ಚೌಕದಲ್ಲಿ ಒಂಟಿಯಾಗಿ ಕೂತಿದ್ದ. ನಡೆಸಿಕೊಟ್ಟವರಿಗೆ ಬಹಳ ಸಂತೋಷವಾಯಿತು. ಚೌಕ ತುಂಬಿದೆಯಾ ಅಂತ ನೋಡುತ್ತಿದ್ದರೇ ಹೊರತು, ಕೇಳುವವನಿಗೆ ಏನಾಗುತ್ತಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಎಂಟು ಉಳಿಯಿತು, ಪ್ರಶ್ನೆ ಬಿದ್ದುಹೋಯಿತು.

ಇದಕ್ಕೆ ಡೇನಿಯಲ್‌ರನ್ನು ಹೊಣೆ ಮಾಡುವುದು ಸರಿಯಲ್ಲ. ಬಿಟ್ಟುಬಿಡುವುದೂ ಪೂರ್ತಿ ಸರಿಯಲ್ಲವೇನೋ. ಸಂಖ್ಯೆ ಕೊಟ್ಟವನಿಗೆ ಜನ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತಾರೆ ಅಂತ ಗೊತ್ತಿರಬೇಕು. ಇನ್ನೊಂದು ತಕರಾರೂ ನನಗಿದೆ. ಯಾರಿಗೋ ಏನೋ ಬೇಕು ಅನ್ನುವ ಸೂತ್ರಕ್ಕೆ ಸಿಗದ ಸಿನಿಮಾಗಳಿವೆ. ಯಾರಿಗೂ ಏನೂ ಬೇಡವಾಗಿ, ಬರೀ ದಿನ ಕಳೆಯುವ ಜನರ ಸಿನಿಮಾಗಳು. ಅವುಗಳನ್ನು ನೋಡುವಾಗ ನನಗೆ ಆಸೆಯೂ ಇಲ್ಲ ಭಯವೂ ಇಲ್ಲ, ಆದರೂ ಏಳಲು ಮನಸ್ಸಾಗುವುದಿಲ್ಲ. ಅದು ಹೇಗೆ ಅಂತ ಹೋವರ್ಡ್ ಪುಸ್ತಕವೂ ಹೇಳುವುದಿಲ್ಲ, ಗುಲಿನೊ ಪುಸ್ತಕವೂ ಹೇಳುವುದಿಲ್ಲ. ಡೇನಿಯಲ್ ಏನು ಹೇಳುತ್ತಿದ್ದರು ಅಂತ ಯೋಚಿಸಿದಾಗೆಲ್ಲ ನನಗೆ ನೆನಪಾಗುವುದು ಅವರು ಹೇಳಿದ್ದಲ್ಲ, ಮಾಡಿದ ಒಂದು ಕೆಲಸ.

21 ಪುಟ

ಲಿಂಚ್ 1970ರಲ್ಲಿ ಗ್ರೇಸ್ಟೋನ್ ಬಂಗಲೆಯ ಶಾಲೆಗೆ ಸೇರಿದಾಗ ಅವರಿಗೆ 24 ವರ್ಷ. ಚಿತ್ರ ಬರೆಯುವ ಕಲಾವಿದ, ಕಥೆ ಹೇಳುವುದು ಅವರ ಜಾಯಮಾನವಲ್ಲ. 'ಗಾರ್ಡನ್‌ಬ್ಯಾಕ್' ಅನ್ನುವ ಒಂದು ಸಣ್ಣ ಚಿತ್ರಕಥೆ ಜೊತೆಗಿತ್ತು. ಇದನ್ನು ಪೂರ್ಣ ಪ್ರಮಾಣದ ಸಿನಿಮಾ ಮಾಡು, ಮಾತು ಸೇರಿಸು, ಉದ್ದ ಮಾಡು ಅಂದರು ಶಾಲೆಯವರು. ಉದ್ದ ಮಾಡಿದರು. ಮಾಡುತ್ತಾ ಮಾಡುತ್ತಾ ತಮ್ಮ ಕಥೆಯೇ ತಮಗೆ ಹಿಡಿಸದ ಹಾಗಾಯಿತು. ಎರಡನೇ ವರ್ಷ ಶುರುವಾದಾಗ ನೋಡಿದರೆ ಅವರನ್ನು ಮೊದಲ ವರ್ಷದವರ ಜೊತೆ ಹಾಕಿದ್ದಾರೆ. ತಲೆ ಕೆಟ್ಟಿತು. ಶಾಲೆಯೇ ಬೇಡ ಅಂತ ಹೊರಟರು.

ಹೋಗುವವರನ್ನು ತಡೆದದ್ದು ಡೇನಿಯಲ್. ಬೈದು ತಡೆಯಲಿಲ್ಲ, ಬುದ್ಧಿ ಹೇಳಿ ತಡೆಯಲಿಲ್ಲ. ನಿನಗೆ ಏನು ಮಾಡಬೇಕು ಅನ್ನಿಸುತ್ತಿದೆ ಅಂತ ಕೇಳಿದರು. ಡ್ರಾಮಾಟುರ್ಗ್ ಕುರ್ಚಿಯ ಪ್ರಶ್ನೆಯೇ ಅದು, ಈ ಸಲ ಪಾತ್ರಕ್ಕಲ್ಲ, ಬರೆಯುವವನಿಗೆ ಕೇಳಿದ್ದು. ಲಿಂಚ್ 'ಇರೇಸರ್‌ಹೆಡ್' ಅಂದರು. ಹಾಗಾದರೆ ಅದನ್ನೇ ಮಾಡು ಅಂದರು ಮೇಷ್ಟ್ರು.

ಆ ಚಿತ್ರಕಥೆ 21 ಪುಟ. ಒಂದು ಕಾರ್ಖಾನೆ ಊರು, ತಲೆಗೂದಲು ನೆಟ್ಟಗೆ ನಿಂತ ಒಬ್ಬ ಮನುಷ್ಯ, ಮಗು ಅನ್ನಬೇಕೋ ಬೇಡವೋ ಅನ್ನಿಸುವ ಒಂದು ಮಗು, ರೇಡಿಯೇಟರಿನ ಒಳಗೆ ಹಾಡುವ ಹೆಂಗಸು. ಎಂಟು ಭಾಗ ಮಾಡಲು ಹೋದರೆ ಕೈಗೆ ಅಂಟುವಂಥದ್ದು. ಹೊಸ ಸಂಸ್ಥೆ, ಅದರ ಮಂಡಳಿಯವರಿಗೆ ಇಂಥದ್ದಕ್ಕೆ ದುಡ್ಡು ಕೊಡಲು ಮನಸ್ಸಿರಲಿಲ್ಲ. ಅವರನ್ನು ತಪ್ಪು ಅನ್ನುವುದೂ ಕಷ್ಟ, ಆ 21 ಪುಟ ನನ್ನ ಕೈಗೆ ಬಂದಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ. ಇದನ್ನು ತಡೆದರೆ ನಾನು ರಾಜೀನಾಮೆ ಕೊಡುತ್ತೇನೆ ಅಂದರು ಡೀನ್. ಆಸೆ ಭಯ, ಬೇಡಿಕೆ ಅಡ್ಡಿ, ರೀಲಿಗೊಂದು ಗಂಟು ಅಂತ ಬದುಕಿಡೀ ಕಲಿಸಿದ ಮನುಷ್ಯ, ಅದ್ಯಾವುದಕ್ಕೂ ಬಗ್ಗದ ಒಂದು ಸಿನಿಮಾಕ್ಕೆ ಕುರ್ಚಿ ಪಣಕ್ಕಿಟ್ಟರು. ದೇಶ ಬಿಟ್ಟು ಬಂದು ಹೆಚ್ಚು ಕಾಲವಾಗಿರಲಿಲ್ಲ, ಕೆಲಸದ ಬೆಲೆ ಗೊತ್ತಿಲ್ಲದವರೇನಲ್ಲ. ಮಂಡಳಿ ಒಪ್ಪಿತು.

1972ರ ಮೇ ತಿಂಗಳಲ್ಲಿ ಶೂಟಿಂಗ್ ಶುರುವಾಯಿತು, ಅದೇ ಬಂಗಲೆಯ ಹಳೇ ಕುದುರೆ ಲಾಯದಲ್ಲಿ. ದುಡ್ಡು ಮುಗಿಯುವುದು, ನಿಲ್ಲುವುದು, ಮತ್ತೆ ಶುರುವಾಗುವುದು, ಹೀಗೆ ವರ್ಷಗಳು ಕಳೆದವು. ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ಶಾಲೆಯವರು ಇದು 20 ನಿಮಿಷ ಚಿಲ್ಲರೆಯ ಸಿನಿಮಾ ಅಂದುಕೊಂಡಿದ್ದರು. ಲಿಂಚ್ 42 ನಿಮಿಷ ಆಗಬಹುದು ಅಂದಿದ್ದರು. 1977ರಲ್ಲಿ ತೆರೆಗೆ ಬಂದಾಗ, ಮೊದಲ ಪ್ರದರ್ಶನದ ನಂತರ 20 ನಿಮಿಷ ಕತ್ತರಿಸಿ ತೆಗೆದ ಮೇಲೂ, 89 ನಿಮಿಷ ಇತ್ತು.